ಮರದ ಆಯುಸ್ಸು, ವಿದ್ಯೆಯ ಆಯುಸ್ಸು: ಶ್ರೀಗಂಧದ ಸ್ಪೈಕ್ ರೋಗದಿಂದ ಅರಣ್ಯ ಪದವಿಯವರೆಗೆ

ಕನ್ನಡ ನಾಡಿನ ಗಿಡಮರಗಳ ವಿದ್ಯೆಯ ಮಟ್ಟಿಗೆ 1899 ಎರಡು ಕಾರಣಗಳಿಗಾಗಿ ನೆನಪಿನಲ್ಲಿಡಬೇಕಾದ ವರ್ಷ. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರು ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಪ್ರಯೋಗ ಕೇಂದ್ರಕ್ಕೆಂದು 30 ಎಕರೆ ಜಮೀನು ಕೊಟ್ಟದ್ದು ಆ ವರ್ಷ. ಆಗ ಫ್ರೇಜರ್‌ಪೇಟೆ ಎನಿಸಿಕೊಂಡಿದ್ದ ಕೊಡಗಿನ ಕುಶಾಲನಗರದ ಸುತ್ತ ಶ್ರೀಗಂಧದ ಮರಗಳಿಗೆ ಹೊಸ ಕಾಯಿಲೆಯೊಂದು ತಗುಲಿರುವುದನ್ನು ಮೆಕಾರ್ಥಿ ಎಂಬವರು ಗುರುತಿಸಿದ್ದೂ ಅದೇ ವರ್ಷ. ದಾನಕ್ಕೂ ಕಾಯಿಲೆಗೂ ಅಂದು ಯಾವ ನಂಟೂ ಇರಲಿಲ್ಲ. ಆದರೆ ಹೆಬ್ಬಾಳದ ಆ ನೆಲ ಮುಂದೆ ಕೃಷಿ ಶಾಲೆಯಾಯಿತು, ಕಾಲೇಜಾಯಿತು, ಕೊನೆಗೆ ಕೃಷಿ ವಿಶ್ವವಿದ್ಯಾಲಯದ ಮೂಲಸ್ಥಾನವಾಯಿತು. ಕೊಡಗಿನ ಆ ಕಾಯಿಲೆ ಬೆಂಗಳೂರಿನ ಒಂದೊಂದೇ ವಿದ್ಯಾಸಂಸ್ಥೆಯ ಬಾಗಿಲು ತಟ್ಟುತ್ತಾ ಒಂದೂಕಾಲು ಶತಮಾನ ದಾಟಿ ಇಂದಿಗೂ ನಮ್ಮ ನಡುವೆ ಉಳಿದಿದೆ. ಅರಣ್ಯ ಪದವಿ ಶಿಕ್ಷಣ ನಾಲ್ಕು ದಶಕ ಪೂರೈಸಿರುವ ಈ ಹೊತ್ತಿನಲ್ಲಿ ಈ ಎರಡು ಎಳೆಗಳನ್ನು ಜೊತೆಗಿಟ್ಟು ನೋಡಿದರೆ, ಕಾಡಿನ ಆರೋಗ್ಯವನ್ನು ವಿಶ್ವವಿದ್ಯಾಲಯದಲ್ಲಿ ಏಕೆ ಓದಬೇಕು ಎಂಬ ಪ್ರಶ್ನೆಗೆ ನಮ್ಮ ನೆಲದ್ದೇ ಆದ ಉತ್ತರ ಸಿಗುತ್ತದೆ.

ಸ್ಪೈಕ್ ಎಂಬ ಆ ಕಾಯಿಲೆ ಹತ್ತಿದ ಗಂಧದ ಮರವನ್ನು ಒಮ್ಮೆ ಹತ್ತಿರದಿಂದ ನೋಡಿದವರು ಮರೆಯಲಾರರು. ಆರೋಗ್ಯವಂತ ಗಂಧದ ರೆಂಬೆ ತುಸು ಬಾಗಿರುತ್ತದೆ, ಎಲೆಗಳು ಮೆತ್ತಗೆ ಜೋತು ಬಿದ್ದಿರುತ್ತವೆ. ರೋಗ ತಗುಲಿದ ರೆಂಬೆಯಲ್ಲಿ ಹೊಸ ಎಲೆಗಳು ಬರಬರುತ್ತಾ ಕಿರಿದಾಗುತ್ತವೆ. ಗೆಣ್ಣುಗೆಣ್ಣುಗಳ ನಡುವಿನ ಅಂತರ ಕುಗ್ಗಿ ಎಲೆಗಳು ಒತ್ತೊತ್ತಾಗಿ ಸೇರಿ, ಬಾಟಲಿ ತೊಳೆಯುವ ಬ್ರಷ್ಷಿನಂತೆ ಸೆಟೆದು ನಿಲ್ಲುತ್ತವೆ. ಹೂವು ಕಾಯಿ ನಿಂತುಹೋಗುತ್ತವೆ. ಎಲೆಯಲ್ಲಿ ಪಿಷ್ಟ ಕಟ್ಟಿಕೊಳ್ಳುತ್ತದೆ, ಇತ್ತ ಬೇರು ಉಣ್ಣಲಿಲ್ಲದೆ ಸಾಯುತ್ತದೆ. ಲಕ್ಷಣ ಕಂಡ ಎರಡು ಮೂರು ವರ್ಷಗಳಲ್ಲಿ ಮರ ಒಣಗುತ್ತದೆ. ದೂರದಿಂದ ನೋಡಿದವರಿಗೆ ಮೊದಮೊದಲು ಇದು ಚಿಗುರಿನ ಸಂಭ್ರಮದಂತೆಯೇ ಕಾಣಬಹುದು. ಆರೋಗ್ಯದಂತೆ ಕಾಣುವುದು ಕಾಯಿಲೆಯಾಗಿರುವುದು, ಕಾಯಿಲೆಯಂತೆ ಕಾಣುವುದು ಸಹಜ ಲಯವಾಗಿರುವುದು ಕಾಡಿನಲ್ಲಿ ಮತ್ತೆಮತ್ತೆ ಎದುರಾಗುವ ತೊಡಕು. ಅದನ್ನು ಬಿಡಿಸಲು ಚುರುಕು ಕಣ್ಣೊಂದೇ ಸಾಲದು, ಬಹುಕಾಲ ನೋಡುತ್ತಲೇ ಇರುವ ಕಣ್ಣು ಬೇಕು. ಮರದ ಆಯುಸ್ಸು ಅದನ್ನು ಓದುವ ಮನುಷ್ಯನ ಸೇವಾವಧಿಗಿಂತ ದೊಡ್ಡದು. ಹಾಗಾಗಿ ಕಾಡಿನ ಆರೋಗ್ಯದ ಪ್ರಶ್ನೆಯನ್ನು ಒಂದು ತಲೆಮಾರು ಇನ್ನೊಂದಕ್ಕೆ ದಾಟಿಸಲೇಬೇಕು. ಹಾಗೆ ದಾಟಿಸುವುದನ್ನೇ ಕಸುಬಾಗಿ ಉಳ್ಳ ಸಂಸ್ಥೆ ವಿಶ್ವವಿದ್ಯಾಲಯ ಎಂಬುದು ಈ ಲೇಖನದ ವಾದ.

ಮೊದಲಿಗೆ ಸರ್ಕಾರ ಹಿಡಿದದ್ದು ಬೇರೆ ದಾರಿ. ಗಂಧ ಟಿಪ್ಪುವಿನ ಕಾಲದಲ್ಲಿ, 1792ರಿಂದಲೇ, ರಾಜವೃಕ್ಷವೆನಿಸಿಕೊಂಡಿತ್ತು. ಯಾರ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದಾಗಿತ್ತು, ಅದರ ಕೊರಡು ಸರ್ಕಾರದ ಉಗ್ರಾಣವಾದ ಗಂಧದ ಕೋಠಿಗೇ ಸೇರಬೇಕಿತ್ತು. ಮೈಸೂರಿನ ಬೊಕ್ಕಸಕ್ಕೆ ಅದು ನಂಬಿಕೆಯ ಆದಾಯ. 1903ರಿಂದ 1916ರ ನಡುವೆ ಕೊಡಗು ಮತ್ತು ಮೈಸೂರು ಸೀಮೆಯಲ್ಲಿ ಸ್ಪೈಕ್ ಕಾರಣದಿಂದ ಹತ್ತು ಲಕ್ಷಕ್ಕೂ ಹೆಚ್ಚು ಮರಗಳನ್ನು ತೆಗೆಯಬೇಕಾಯಿತು. ಈ ನಷ್ಟಕ್ಕೆ ಬೆದರಿ ಮೈಸೂರು ಸಂಸ್ಥಾನ 1907ರಲ್ಲಿ, ರೋಗಕ್ಕೆ ಮದ್ದು ಕಂಡುಹಿಡಿದವರಿಗೆ ಹತ್ತು ಸಾವಿರ ರೂಪಾಯಿ ಬಹುಮಾನ ಸಾರಿತು. ಅಂದಿನ ಹತ್ತು ಸಾವಿರ ಸಣ್ಣ ಮೊತ್ತವಲ್ಲ, ಸಂಸ್ಥಾನದ ಕಳಕಳಿಯೂ ನಿಜವಾದದ್ದೇ. ಆದರೂ ಎಲ್ಲೋ ಒಬ್ಬ ಜಾಣನ ತಲೆಯಲ್ಲಿ ಮದ್ದು ಆಗಲೇ ಇದೆ, ಬೆಲೆ ಕಟ್ಟಿದರೆ ಹೊರಬರುತ್ತದೆ ಎಂಬ ಎಣಿಕೆ ಆ ಬಹುಮಾನದ ಹಿಂದಿತ್ತು. ಮದ್ದು ಬರಲಿಲ್ಲ. ರೋಗ ಏನೆಂಬುದೇ ತಿಳಿಯದಿರುವಾಗ ಬಹುಮಾನದಿಂದ ಅರಿವನ್ನು ಕೊಳ್ಳಲಾಗದು. ಅರಿವು ಬೆಳೆಯಲು ಬೇಕಾದ ನೆಲ, ಆಳು ಮತ್ತು ಕಾಲವನ್ನು ಕಟ್ಟಿಕೊಡಬಹುದು. ಮೈಸೂರು ಆ ಕೆಲಸವನ್ನೂ ಮಾಡಿತು ಎಂಬುದು ನಮ್ಮ ಅದೃಷ್ಟ.

1908ರಲ್ಲಿ ಮೈಸೂರಿಗೆ ಶಿಲೀಂಧ್ರ ಮತ್ತು ಕೀಟ ತಜ್ಞನಾಗಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು. ಮರದ ಕಾಯಿಲೆಯನ್ನು ಒಂದು ವಿದ್ಯೆಯಾಗಿ ಕಟ್ಟಿದ್ದೇ ಜರ್ಮನಿ. ಅಲ್ಲಿ ಕೂಡ ಅದು ಒಂದು ತಲೆಮಾರಿನ ಕೆಲಸವಾಗಿರಲಿಲ್ಲ. 1830ರ ದಶಕದಲ್ಲಿ ಥಿಯೋಡೋರ್ ಹಾರ್ಟಿಗ್ ಕೊಳೆತ ಮರದಲ್ಲಿ ಸೂಕ್ಷ್ಮವಾದ ಎಳೆಗಳನ್ನು ಕಂಡರೂ ಅವು ಮರದಿಂದಲೇ ಹುಟ್ಟಿದವು ಎಂದುಕೊಂಡರು. ಆ ಎಳೆಗಳು ಶಿಲೀಂಧ್ರಗಳೆಂದೂ ಕೊಳೆತಕ್ಕೆ ಅವೇ ಕಾರಣವೆಂದೂ 1870ರ ದಶಕದಲ್ಲಿ ತೋರಿಸಿಕೊಟ್ಟವರು ಅವರ ಮಗ ರಾಬರ್ಟ್ ಹಾರ್ಟಿಗ್. ಮುಂದೆ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ 1882ರಲ್ಲಿ ಮರಗಳ ರೋಗಗಳ ಕುರಿತ ಪಠ್ಯಪುಸ್ತಕವನ್ನು ಹೊರತಂದವರೂ ಅವರೇ. ತಂದೆ ಕಂಡದ್ದರ ಅರ್ಥ ಮಗನಿಗೆ ಹೊಳೆಯಲು ಸುಮಾರು 40 ವರ್ಷ ಬೇಕಾಯಿತು. ಒಂದೇ ಮನೆಯೊಳಗೆ ನಡೆದ ಈ ಕೈಬದಲಾವಣೆಯನ್ನು ಎಲ್ಲರ ಪಾಲಿಗೆ ತೆರೆದಿಡುವುದೇ ವಿಶ್ವವಿದ್ಯಾಲಯದ ಕೆಲಸ.

ಮೈಸೂರಿನಲ್ಲಿ ಕೋಲ್ಮನ್ ಕೈಗೆತ್ತಿಕೊಂಡ ಎರಡು ಕಾಯಿಲೆಗಳನ್ನು ಹೋಲಿಸಿ ನೋಡಬೇಕು. ಒಂದು ಅಡಿಕೆಯ ಕೊಳೆರೋಗ. ಮಲೆನಾಡಿನ ತೋಟಿಗರು ಅದರಿಂದ ಗೊನೆಗಳನ್ನು ಉಳಿಸಿಕೊಳ್ಳಲು ಮಳೆಗಾಲಕ್ಕೆ ಮುಂಚೆ ಕೊಟ್ಟೆ ಕಟ್ಟುತ್ತಿದ್ದರು. ಕೋಲ್ಮನ್ ರೋಗಕಾರಕವನ್ನು ಗುರುತಿಸಿದರು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನು ತೋಟ ತೋಟದಲ್ಲಿ ತೋರಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ ಫಲ ಸಿಕ್ಕಿತು, ನೂರು ವರ್ಷ ಕಳೆದರೂ ಮಲೆನಾಡಿನಲ್ಲಿ ಆ ಮದ್ದು ನಡೆದೇ ಇದೆ. ಇನ್ನೊಂದು ಗಂಧದ ಸ್ಪೈಕ್. ಅದೇ ತಜ್ಞ, ಅದೇ ಶ್ರದ್ಧೆ, ಅದೇ ಸರ್ಕಾರದ ಬೆಂಬಲ. ಮರದೊಳಗಿನ ರಸದ ಹರಿವು ಕೆಟ್ಟು ಈ ರೋಗ ಬರುತ್ತದೆ ಎಂಬ ವಾದ ಬಲವಾಗಿದ್ದ ಕಾಲದಲ್ಲಿ, ರೋಗಿ ಮರದ ತುಂಡನ್ನು ಆರೋಗ್ಯವಂತ ಮರಕ್ಕೆ ಕಸಿ ಮಾಡಿದರೆ ರೋಗ ಅಂಟುತ್ತದೆ ಎಂದು ಕೋಲ್ಮನ್ ಸಾಧಿಸಿದರು. 1917ರಲ್ಲಿ ಅದನ್ನು ಪ್ರಕಟಿಸಿದರು. ಆದರೆ ಅಂಟುವ ಆ ವಸ್ತು ಸೂಕ್ಷ್ಮದರ್ಶಕಕ್ಕೆ ಸಿಗಲಿಲ್ಲ. ತೋಟದ ಕಾಯಿಲೆ ಒಬ್ಬ ತಜ್ಞನ ಸೇವಾವಧಿಯೊಳಗೆ ಬಗೆಹರಿಯಿತು, ಕಾಡಿನದು ಬಗೆಹರಿಯಲಿಲ್ಲ. ಅಡಿಕೆ ತೋಟ ಮನುಷ್ಯ ನೆಟ್ಟು ಸಾಕಿದ್ದು, ಅಲ್ಲಿ ಬೆಳೆಯೂ ರೋಗವೂ ಕಣ್ಣಳತೆಯಲ್ಲಿರುತ್ತವೆ. ಕಾಡಿನ ಮರಕ್ಕೆ ತನ್ನ ನೆರೆಹೊರೆಯನ್ನು ಬಿಟ್ಟು ಬೇರೆ ಬಾಳಿಲ್ಲ.

ಈ ನೆರೆಹೊರೆಯ ಮಾತು ಶ್ರೀಗಂಧದ ವಿಷಯದಲ್ಲಿ ಅಕ್ಷರಶಃ ನಿಜ. ಗಂಧದ ಬೇರುಗಳು ಪಕ್ಕದ ಗಿಡಗಳ ಬೇರಿಗೆ ಹೀರುಬೇರುಗಳನ್ನು ಚುಚ್ಚಿ ನೀರು ಮತ್ತು ಲವಣಗಳನ್ನು ಪಡೆಯುತ್ತವೆ. ಇದು 1871ರಷ್ಟು ಹಿಂದೆಯೇ ತಿಳಿದಿತ್ತು. ಆದರೆ ಕಾಯಿಲೆಯ ಲೆಕ್ಕದಲ್ಲಿ ಈ ನಂಟನ್ನು ಗಂಭೀರವಾಗಿ ಪರಿಗಣಿಸಿದವರು ಮುಂದಿನ ಪೀಳಿಗೆಯವರು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ, ಬೆಂಗಳೂರಿಗರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಗಂಧದ ಪರಿಚಯವಾದದ್ದು ಎಣ್ಣೆಯ ಮೂಲಕ. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಕೊರಡು ನಿಂತುಹೋದಾಗ, ಸಂಸ್ಥೆಯ ರಸಾಯನ ವಿಜ್ಞಾನಿ ಸಡ್‌ಬರೊ ಮತ್ತು ಸಂಗಡಿಗರು ಎಣ್ಣೆ ಬಟ್ಟಿ ಇಳಿಸುವುದನ್ನು ಇಲ್ಲೇ ಸಾಧಿಸಿ ಮೈಸೂರಿನ ಗಂಧದೆಣ್ಣೆ ಕಾರ್ಖಾನೆಗೆ ದಾರಿ ಮಾಡಿಕೊಟ್ಟರು. ಎಣ್ಣೆ ತೆಗೆಯಲು ಕಲಿತ ಸಂಸ್ಥೆಯೇ ಮುಂದೆ ಮರ ಉಳಿಸುವ ಪ್ರಶ್ನೆಗೂ ಕೈಹಾಕಿತು. 1920ರ ದಶಕದಲ್ಲಿ ಅಲ್ಲಿನ ಜೀವರಸಾಯನ ವಿಭಾಗ ಸ್ಪೈಕ್ ರೋಗದ ಸರಣಿ ಅಧ್ಯಯನವನ್ನು ಆರಂಭಿಸಿತು. ಎಂ. ಶ್ರೀನಿವಾಸಯ್ಯ ಮತ್ತು ಅವರ ಜೊತೆಗಾರರು ರೋಗಿ ಮರದ ಎಲೆ, ತೊಗಟೆ, ರಸಗಳನ್ನು ಆರೋಗ್ಯವಂತ ಮರದವುಗಳೊಂದಿಗೆ ತೂಗಿ ನೋಡಿದರು. ಹೊಸೂರಿನಾಚೆ ಜವಳಗಿರಿಯ ಕಾಡಿನಲ್ಲಿ ಕೃತಕವಾಗಿ ರೋಗ ಅಂಟಿಸುವ ಪ್ರಯೋಗಗಳು ನಡೆದವು. ಯಾವ ಆಸರೆ ಗಿಡದೊಂದಿಗೆ ಬೆಳೆದ ಗಂಧ ಹೇಗಿರುತ್ತದೆ ಎಂದು ಪರೀಕ್ಷಿಸಿದರು. ಕೀಟತಜ್ಞರು ಮರದ ಮೇಲಿನ ಹುಳುಗಳನ್ನು ಹಿಡಿದು ಪಟ್ಟಿ ಮಾಡಿದರು. ‘ಈ ಮರಕ್ಕೆ ಏನಾಗಿದೆ’ ಎಂದು ಶುರುವಾದ ಪ್ರಶ್ನೆ ‘ಈ ಮರದ ಸುತ್ತ ಏನಿದೆ’ ಎಂದು ಹಿಗ್ಗಿತು. ಅರಣ್ಯ ಆರೋಗ್ಯ ಎಂಬ ಮಾತು ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಅದರ ತಿರುಳು ಮಾತ್ರ ಆ ಪ್ರಯೋಗಗಳಲ್ಲಿ ಆಗಲೇ ಇತ್ತು.

ಆಮೇಲಿನ ಹೆಜ್ಜೆಗಳು ನಿಧಾನವಾದರೂ ಒಂದರ ಬೆನ್ನಿಗೆ ಒಂದು ಬಂದವು. ಮೈಸೂರು ಸಂಸ್ಥಾನ 1938ರಲ್ಲಿ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವನ್ನು ತೆರೆಯಿತು. ಮುಂದೆ ಗಂಧ ಸಂಶೋಧನಾ ಕೇಂದ್ರವಾಗಿ, ಆ ಬಳಿಕ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ಬೆಳೆದದ್ದು ಅದೇ. 1941ರಲ್ಲಿ ರಂಗಸ್ವಾಮಿ ಮತ್ತು ಗ್ರಿಫಿತ್ ಒಂದು ಜಾತಿಯ ಜಿಗಿಹುಳು ರೋಗವನ್ನು ಮರದಿಂದ ಮರಕ್ಕೆ ದಾಟಿಸುತ್ತದೆ ಎಂದು ಪ್ರಕಟಿಸಿದರು. ರೋಗಕಾರಕ ಒಂದು ವೈರಸ್ ಇರಬೇಕೆಂಬ ನಂಬಿಕೆ ಬೇರೂರಿತು. 1967ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆಯ ಗಿಡ್ಡು ರೋಗದಲ್ಲಿ, ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯಾದಂಥ ಜೀವಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಎರಡೇ ವರ್ಷದಲ್ಲಿ, 1969ರಲ್ಲಿ, ದೆಹಲಿಯ, ಇಂಗ್ಲೆಂಡಿನ ಮತ್ತು ನೆದರ್ಲೆಂಡ್ಸಿನ ಮೂರು ತಂಡಗಳು ಬೇರೆಬೇರೆಯಾಗಿ ಗಂಧದ ರೋಗಿ ಎಲೆಗಳಲ್ಲೂ ಅಂಥವೇ ಜೀವಿಗಳನ್ನು ತೋರಿಸಿದವು. ಈಗ ಅವುಗಳನ್ನು ಫೈಟೋಪ್ಲಾಸ್ಮಾ ಎನ್ನುತ್ತೇವೆ. ಕುಶಾಲನಗರದ ಸುತ್ತ ರೋಗ ಕಂಡ ದಿನದಿಂದ ಅದರ ಕಾರಕ ಕಣ್ಣಿಗೆ ಬೀಳುವವರೆಗೆ 70 ವರ್ಷ ಉರುಳಿದ್ದವು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕೊನೆಗೆ ಕಂಡುಹಿಡಿದದ್ದು ಎಲ್ಲೋ ದೂರದ ಯಂತ್ರವಲ್ಲವೆ? ದಶಕಗಟ್ಟಲೆ ಬೆಂಗಳೂರಿನಲ್ಲಿ ಎಲೆ ಅರೆದು ಪಿಷ್ಟ ಅಳೆದವರ ಶ್ರಮ ವ್ಯರ್ಥವಾಗಲಿಲ್ಲವೆ? ಆದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತಾನು ಏನನ್ನು ನೋಡಬೇಕೆಂದು ತಾನೇ ಹೇಳುವುದಿಲ್ಲ. ರೋಗ ಅಂಟುವಂಥದ್ದು, ಕಸಿಯಿಂದ ದಾಟುತ್ತದೆ, ಹುಳುವಿನಿಂದ ಹರಡುತ್ತದೆ, ಎಲೆಯಲ್ಲಿ ಆಹಾರ ಸಿಕ್ಕಿಬಿದ್ದು ಬೇರು ಬಡವಾಗುತ್ತದೆ ಎಂಬ ನಾಲ್ಕು ಮಾತುಗಳನ್ನು ಕಾಡಿನಲ್ಲೂ ಪ್ರಯೋಗಾಲಯದಲ್ಲೂ ಕಲೆಹಾಕಿದ್ದರಿಂದಲೇ ಎಲೆಯ ಆಹಾರನಾಳದೊಳಗೆ ಹುಡುಕಬೇಕೆಂಬುದು ತಿಳಿದಿತ್ತು. ಜಪಾನಿನ ಸುದ್ದಿ ಬಂದ ಎರಡೇ ವರ್ಷದಲ್ಲಿ ಮೂರು ಕಡೆ ಉತ್ತರ ಸಿಕ್ಕಿದ್ದು ಪ್ರಶ್ನೆ ಅಷ್ಟು ಹದವಾಗಿ ಸಿದ್ಧವಿದ್ದುದರಿಂದ. ಯಂತ್ರವನ್ನು ಕೊಂಡು ತರಬಹುದು, ಹದಗೊಂಡ ಪ್ರಶ್ನೆಯನ್ನು ಕೊಂಡು ತರಲಾಗದು. ತಪ್ಪಿದ ಊಹೆಗಳ ದಾಖಲೆ ಕೂಡ ಅದೇ ಆಸ್ತಿಯ ಭಾಗ. ಯಾವ ದಾರಿ ಮುಚ್ಚಿದೆ ಎಂಬುದು ಬರಹದಲ್ಲಿ ಉಳಿಯದಿದ್ದರೆ ಮುಂದಿನವರು ಅದೇ ಗೋಡೆಗೆ ಮತ್ತೆ ತಲೆ ತಾಗಿಸಿಕೊಳ್ಳುತ್ತಾರೆ.

ಇದಕ್ಕಿಂತ ಮೊನಚಾದ ಆಕ್ಷೇಪ ಇನ್ನೊಂದಿದೆ. ಒಂದೂಕಾಲು ಶತಮಾನವಾದರೂ ಸ್ಪೈಕ್ ರೋಗಕ್ಕೆ ಮದ್ದಿಲ್ಲ. ಟೆಟ್ರಾಸೈಕ್ಲಿನ್ ಚುಚ್ಚಿದರೆ ಲಕ್ಷಣಗಳು ಕೆಲಕಾಲ ಹಿಂಜರಿದು ಮತ್ತೆ ಮರಳುತ್ತವೆ. ಕಾಡಿನ ಸಾವಿರಾರು ಮರಗಳಿಗೆ ಹಾಗೆ ಚುಚ್ಚುತ್ತಾ ಹೋಗಲೂ ಆಗದು. ಹಾಗಿದ್ದರೆ ಈ ವಿದ್ಯೆಯ ಫಲವೇನು? ಈ ಪ್ರಶ್ನೆಯನ್ನು ತಳ್ಳಿಹಾಕಬಾರದು, ಏಕೆಂದರೆ ಅದರಲ್ಲಿ ಜನರ ನ್ಯಾಯವಾದ ನಿರೀಕ್ಷೆ ಇದೆ. ಆದರೆ ವೈದ್ಯಶಾಸ್ತ್ರದಲ್ಲೂ ಮದ್ದಿಲ್ಲದ ಕಾಯಿಲೆಗಳಿವೆ. ಅಲ್ಲಿ ರೋಗವನ್ನು ಬೇಗ ಗುರುತಿಸುವುದು, ಹರಡದಂತೆ ತಡೆಯುವುದು, ತಾಳಿಕೊಳ್ಳುವ ಶಕ್ತಿ ಯಾರಿಗಿದೆ ಎಂದು ಹುಡುಕುವುದು ವಿದ್ಯೆಯ ಕೆಲಸವಾಗುತ್ತದೆ. ಗಂಧದಲ್ಲಿ ಇವತ್ತು ಎಲೆಯ ತುಣುಕಿನ ಡಿಎನ್‌ಎ ಪರೀಕ್ಷೆಯಿಂದ, ಲಕ್ಷಣ ಕಣ್ಣಿಗೆ ಕಾಣುವ ಮೊದಲೇ ರೋಗವನ್ನು ಹಿಡಿಯಬಹುದು. ರೋಗ ದಟ್ಟವಾಗಿದ್ದ ಜಾಗದಲ್ಲೂ ಉಳಿದ ಮರಗಳಿಂದ ಬೀಜ ಆರಿಸಿ ಪರೀಕ್ಷಿಸಬಹುದು. ಇದಕ್ಕೀಗ ಹೊಸ ತುರ್ತೂ ಸೇರಿದೆ. 2001ರಲ್ಲಿ ಕರ್ನಾಟಕದ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ತನ್ನ ಜಮೀನಿನಲ್ಲಿ ಬೆಳೆದ ಗಂಧದ ಮರಕ್ಕೆ ಭೂಮಾಲೀಕನೇ ಒಡೆಯನಾದ. ಇನ್ನೂರು ವರ್ಷ ಕೋಠಿಯ ಸ್ವತ್ತಾಗಿದ್ದ ಮರ ರೈತನ ಬದುವಿಗೆ ಮರಳಿತು. ಸ್ಪೈಕ್ ಆತನ ತೋಟಕ್ಕೆ ಬಂದರೆ ನಷ್ಟ ಹೊರುವವರು ಸರ್ಕಾರವಲ್ಲ, ಸಾಲ ಮಾಡಿ ಸಸಿ ಕೊಂಡ ಕುಟುಂಬ. ಸಸಿ ಮಾರುವ ನರ್ಸರಿಯೂ ಅದನ್ನು ನೆಡುವ ರೈತನೂ ನಂಬಬಹುದಾದ ಪರೀಕ್ಷೆ, ತರಬೇತಿ, ಸಲಹೆ ಎಲ್ಲಿಂದ ಬರಬೇಕು? ಮಾರಾಟದ ಲಾಭದಲ್ಲಿ ಪಾಲಿಲ್ಲದ ಸಂಸ್ಥೆಯಿಂದಲೇ ಬರಬೇಕು.

ಕಾಡನ್ನು ನೋಡಿಕೊಳ್ಳಲು ಅರಣ್ಯ ಇಲಾಖೆ ಇದೆಯಲ್ಲ, ಅದರ ಆರೋಗ್ಯವನ್ನು ಅದೇ ನೋಡಿಕೊಳ್ಳಲಿ ಎನ್ನುವವರೂ ಇದ್ದಾರೆ. ಈ ವಾದಕ್ಕೆ ಇತಿಹಾಸದ ಬಲವಿದೆ. ನಮ್ಮ ದೇಶದ ಅರಣ್ಯ ಶಿಕ್ಷಣ 1878ರಲ್ಲಿ ಡೆಹ್ರಾಡೂನಿನಲ್ಲಿ ಶುರುವಾದದ್ದೇ ಇಲಾಖೆಗೆ ಅಧಿಕಾರಿಗಳನ್ನು ತಯಾರು ಮಾಡಲು. ಅಲ್ಲಿ ಕಲಿತವರು ಕಾಡು ಕಾದಿದ್ದಾರೆ, ಗಡಿ ಗುರುತಿಸಿದ್ದಾರೆ, ಮರಗಳ ಲೆಕ್ಕ ಇಟ್ಟಿದ್ದಾರೆ. ಗಂಧದ ರೋಗವನ್ನು ಮೊದಲು ಕಂಡದ್ದೂ ಹೀಗೆ ಕಾಡು ಸುತ್ತಿದ ಕಣ್ಣೇ. ಆದರೆ ಇಳುವರಿಯ ಹೊಣೆ ಹೊತ್ತವರಿಗೆ ತಮ್ಮದೇ ವಿಧಾನವನ್ನು ಅನುಮಾನಿಸಿ ನೋಡುವುದು ಕಷ್ಟ. ಉತ್ತರ ಕನ್ನಡದ ಬಿದಿರಿನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ಬಿದಿರು ದೊಡ್ಡ ಪ್ರಮಾಣದಲ್ಲಿ ಕಡಿತಕ್ಕೆ ಒಳಗಾಯಿತು. 1970ರ ದಶಕದಲ್ಲಿ ಮೆಳೆಗಳು ಕ್ಷೀಣಿಸುತ್ತಿರುವ ದೂರು ಎದ್ದಿತು. ದನ ಮೇಯಿಸುವ, ಬಿದಿರು ಕಡಿಯುವ ಹಳ್ಳಿಗರೇ ಇದಕ್ಕೆ ಕಾರಣ ಎಂಬ ಅಭಿಪ್ರಾಯವಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್ ಮೆಳೆ ಮೆಳೆಗೆ ಹೋಗಿ ನೋಡಿದರು, ಹಳ್ಳಿಗರ ಮಾತನ್ನೂ ಕೇಳಿದರು.

ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಕವಲುಗಳು ಹೆಣೆದುಕೊಂಡು ಬೇಲಿಯಂತೆ ನಿಂತಿರುತ್ತವೆ. ಕಡಿಯಲು ಅಡ್ಡಿ, ಹೊಸ ಬಿದಿರಿಗೂ ಇಕ್ಕಟ್ಟು ಎಂದು ಬಗೆದು ಅದನ್ನು ಸವರಿ ತೆಗೆಯುವುದು ಅಂಗೀಕೃತ ವಿಧಾನವಾಗಿತ್ತು. ನೋಡುವವರಿಗೆ ಸವರಿದ ಮೆಳೆ ಅಚ್ಚುಕಟ್ಟಾಗಿ, ಆರೋಗ್ಯವಾಗಿ ಕಾಣುತ್ತಿತ್ತು. ಆದರೆ ಮುಂಗಾರಿನಲ್ಲಿ ನೆಲ ಸೀಳಿ ಬರುವ ಎಳೆಯ ಕಳಲೆಯನ್ನು ದನಗಳ ಬಾಯಿಂದ, ಮುಳ್ಳುಹಂದಿ ಮತ್ತು ಮುಸುವಗಳ ಬಾಯಿಂದ ಕಾಯುತ್ತಿದ್ದುದು ಆ ಮುಳ್ಳೇ. ಬೇಲಿ ಹೋದ ಮೇಲೆ ಕಳಲೆ ಮೇಲೇಳಲಿಲ್ಲ, ಮೆಳೆ ಮುದಿಯಾಯಿತು. ಇದನ್ನು ಊರಿನವರು ಬಲ್ಲರು. ವಿಧಿಸಿದ ಕ್ರಮವನ್ನು ಪ್ರಶ್ನಿಸುವ ಅಧಿಕಾರ ಅವರಿಗಿರಲಿಲ್ಲ. ಹೊರಗಿನ ಸಂಶೋಧಕ ಅವರ ಮಾತನ್ನು ಪರೀಕ್ಷೆಗೆ ಒಡ್ಡಿ, ಅಳೆದು, ಬರೆದು, ವಾದವಾಗಿ ಮುಂದಿಟ್ಟಾಗಲೇ ಅದಕ್ಕೆ ತೂಕ ಬಂತು. ಇಲಾಖೆಯ ಶತ್ರುವಾಗುವುದು ವಿಶ್ವವಿದ್ಯಾಲಯದ ಕೆಲಸವಲ್ಲ. ಇಲಾಖೆಗೂ ಊರಿಗೂ ಇಬ್ಬರಿಗೂ ತಮ್ಮ ನಂಬಿಕೆಯನ್ನು ಒರೆಗೆ ಹಚ್ಚಿ ನೋಡುವ ಜಾಗವಾಗುವುದು ಅದರ ಕೆಲಸ.

ನೋಡುತ್ತಲೇ ಇರುವ ಕಣ್ಣಿನ ಮಾತಿಗೆ ಅತ್ಯಂತ ಸ್ಪಷ್ಟವಾದ ನಿದರ್ಶನ ನಮ್ಮ ಬಂಡೀಪುರದ ನೆರೆಯ ಮುದುಮಲೈಯಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರ ಆರಂಭವಾಯಿತು. ಅಲ್ಲಿನ ಆನೆ ತಜ್ಞ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಮುದುಮಲೈಯ ಎಲೆಯುದುರುವ ಕಾಡಿನಲ್ಲಿ 50 ಹೆಕ್ಟೇರ್ ಜಾಗ ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪವಿರುವ ಪ್ರತಿಯೊಂದು ಗಿಡಮರಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿದರು. ಸುಮಾರು 26 ಸಾವಿರ ಗಿಡಗಳು, 70ಕ್ಕೂ ಹೆಚ್ಚು ಜಾತಿಗಳು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಕಾಂಡದ ಅಳತೆ ಬರೆಯಬೇಕು. ಕೆಲವು ವರ್ಷ ಕಳೆದು ಮತ್ತೆ ಅದೇ ಮರದ ಅದೇ ಎತ್ತರಕ್ಕೆ ಟೇಪು ಸುತ್ತಬೇಕು. ಸತ್ತಿದ್ದರೆ ಬೆಂಕಿಯಿಂದಲೋ ಆನೆಯಿಂದಲೋ ಬರದಿಂದಲೋ ಎಂದು ಗುರುತು ಹಾಕಬೇಕು. ಇಷ್ಟೇ ಕೆಲಸ, ಆದರೆ ಇದು ದಶಕಗಳಿಂದ ನಡೆದುಬಂದಿದೆ. ಶುರುವಿನಲ್ಲಿ ಅಲ್ಲಿ ಹೇರಳವಾಗಿದ್ದ ಕಿಡಿಯಾ ಎಂಬ ಮರವನ್ನು ಆನೆಗಳು ಮುರಿದು ತಿಂದದ್ದೂ ಸೇರಿ ಹಲವು ಕಾರಣಗಳಿಂದ ಅದರ ಸಂಖ್ಯೆ ತೀವ್ರವಾಗಿ ಕುಸಿಯಿತು. ಒಂದು ವರ್ಷ ಮಾತ್ರ ಭೇಟಿ ಕೊಟ್ಟವರಿಗೆ ಕಾಡು ನಾಶವಾಗುತ್ತಿದೆ ಎನ್ನಿಸುತ್ತಿತ್ತು. ಕಾಡಿನ ಒಟ್ಟು ಲೆಕ್ಕ ಎತ್ತ ಹೋಗುತ್ತಿದೆ, ಯಾವುದು ಕುಗ್ಗಿದಾಗ ಯಾವುದು ಹಿಗ್ಗುತ್ತದೆ ಎಂಬುದನ್ನು ಹೇಳಬಲ್ಲದ್ದು ಆ ಬಿಲ್ಲೆಗಳ ಸಾಲು ಮಾತ್ರ. ಜ್ವರ ಬಂದಿದೆ ಎನ್ನಲು ಸಹಜವಾದ ಮೈಬಿಸಿ ಎಷ್ಟೆಂದು ಮೊದಲೇ ತಿಳಿದಿರಬೇಕು. ಕಾಡಿನ ಮೈಬಿಸಿಯನ್ನು ತಿಳಿಯಲು ಒಂದು ತಲೆಮಾರಾದರೂ ಬೇಕು.

ಕಾಡಿನ ಆರೋಗ್ಯ ಮರದಲ್ಲಿಗೇ ಮುಗಿಯುವುದಿಲ್ಲ ಎಂಬುದನ್ನು ಮಲೆನಾಡು ನೋವುಂಡು ಕಲಿತಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಊರಿನವರಿಗೆ ಮಾರಕ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದರ ಹಿಂದೆ ಒಂದು ಹೊಸ ವೈರಸ್ ಇದೆಯೆಂದೂ ಉಣುಗು ಅದನ್ನು ಹರಡುತ್ತದೆಂದೂ ಕಂಡುಕೊಂಡರು. ಕಾಡನ್ನು ಕಡಿದು ಅಂಚುಗಳನ್ನು ತೆರೆದದ್ದು, ಅಲ್ಲಿ ದನಗಳ ಓಡಾಟ ಹೆಚ್ಚಿ ಉಣುಗು ಹುಲುಸಾದದ್ದು ಈ ಪಿಡುಗಿಗೆ ಇಂಬು ಕೊಟ್ಟಿತು ಎಂದು ಸಂಶೋಧಕ ಹೋರ್ಹೆ ಬೋಶೆಲ್ 1969ರಲ್ಲಿ ವಾದಿಸಿದರು. ಮಂಗನ ಕಾಯಿಲೆ ಎಂದು ಹೆಸರಾದ ಈ ಜ್ವರವನ್ನು ಯಾರು ಓದಬೇಕು? ವೈದ್ಯರೇ, ಪಶುವೈದ್ಯರೇ, ಕೀಟತಜ್ಞರೇ, ಅರಣ್ಯಶಾಸ್ತ್ರದವರೇ? ಸರ್ಕಾರದಲ್ಲಿ ಇವರೆಲ್ಲ ಬೇರೆಬೇರೆ ಇಲಾಖೆಗಳಲ್ಲಿ ಕೂತಿರುತ್ತಾರೆ. ಇವರನ್ನು ಒಂದೇ ಮೇಜಿನ ಸುತ್ತ ಕೂರಿಸಲು ತಕ್ಕ ಜಾಗ ವಿಶ್ವವಿದ್ಯಾಲಯ. ಆ ಮೇಜು ಎಲ್ಲ ಕಡೆಯೂ ಸಿದ್ಧವಿದೆ ಎನ್ನಲಾರೆವು. ಬೇಕು ಎಂಬುದಕ್ಕೆ ಮಾತ್ರ ಆ ಜ್ವರ ಮರುಕಳಿಸುವ ಪ್ರತಿ ಬೇಸಿಗೆಯೂ ಸಾಕ್ಷಿ ಹೇಳುತ್ತದೆ.

ಇಂಥ ವಿದ್ಯೆಗೆ ವಿಶ್ವವಿದ್ಯಾಲಯದಲ್ಲಿ ಜಾಗ ಕೊಡುವ ಹೆಜ್ಜೆಯಾಗಿ ರಾಷ್ಟ್ರೀಯ ಕೃಷಿ ಆಯೋಗ 1976ರ ವರದಿಯಲ್ಲಿ, ಅರಣ್ಯ ಶಿಕ್ಷಣವನ್ನು ಕೃಷಿ ವಿಶ್ವವಿದ್ಯಾಲಯಗಳಿಗೂ ತರಬೇಕೆಂದು ಹೇಳಿತು. 1980ರ ದಶಕದ ನಡುವಿನಲ್ಲಿ ಅರಣ್ಯ ಪದವಿ ತರಗತಿಗಳು ಆರಂಭವಾದವು. ಇಂದು ಕರ್ನಾಟಕದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ಶಿರಸಿಯಲ್ಲೂ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜು ಪೊನ್ನಂಪೇಟೆಯಲ್ಲೂ ಇವೆ. ಎರಡೂ ಜಾಗಗಳ ಆಯ್ಕೆ ಅರ್ಥಪೂರ್ಣ. ಶಿರಸಿಯ ಸುತ್ತ ಅಡಿಕೆ ತೋಟ, ಅದಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟ, ಕಾನು, ಅದರಾಚೆ ಘಟ್ಟದ ಕಾಡು. ತೋಟದ ಆರೋಗ್ಯ ಬೆಟ್ಟದ ಆರೋಗ್ಯಕ್ಕೆ ಜೋತುಕೊಂಡಿದೆ ಎಂಬುದನ್ನು ಅಲ್ಲಿನ ವಿದ್ಯಾರ್ಥಿ ಕಿಟಕಿಯಿಂದಲೇ ನೋಡಬಹುದು. ಪೊನ್ನಂಪೇಟೆಯ ಸುತ್ತ ಕಾಫಿ ತೋಟದ ನೆರಳು ಮರಗಳೂ ದೇವರಕಾಡುಗಳೂ ಇವೆ. ಪದವೀಧರರಿಗೆ ಓದಿಗೆ ತಕ್ಕ ಕೆಲಸ ಎಲ್ಲಿದೆ ಎಂಬ ಕೊರಗು ಈ ಕಾಲೇಜುಗಳ ಸುತ್ತ ಕೇಳಿಬರುತ್ತದೆ, ಅದು ನಿರ್ಲಕ್ಷಿಸುವ ಮಾತಲ್ಲ. ಕಾಡಿನ ಆರೋಗ್ಯ ಬಲ್ಲವರನ್ನು ಸಜ್ಜುಗೊಳಿಸಿ ಅವರನ್ನು ಕಾಡಿನಿಂದ ದೂರ ಇಡುವುದು ಸಾರ್ವಜನಿಕ ಹಣದ ನಷ್ಟವೂ ಹೌದು. ಆದರೆ ಕೊರತೆ ಇರುವುದು ಅವರನ್ನು ಬಳಸಿಕೊಳ್ಳುವ ವ್ಯವಸ್ಥೆಯಲ್ಲಿ. ನರ್ಸರಿ ತಪಾಸಣೆ, ಗಂಧ ಬೆಳೆಗಾರರಿಗೆ ರೋಗ ಪರೀಕ್ಷೆ, ಕಾಡಿನ ಅಂಚಿನ ಊರುಗಳಲ್ಲಿ ಉಣುಗಿನ ಸಮೀಕ್ಷೆ, ಬೆಟ್ಟಗಳ ಪುನರುಜ್ಜೀವನ, ಹೀಗೆ ಕಾದಿರುವ ಕೆಲಸಕ್ಕೆ ಕೊನೆಯಿಲ್ಲ.

ಸ್ಮರಣ ಸಂಚಿಕೆಗಳು ಕಟ್ಟಡಗಳನ್ನೂ ಪದಾಧಿಕಾರಿಗಳನ್ನೂ ನೆನೆಯುತ್ತವೆ, ಅದು ಸರಿಯೇ. ಅರಣ್ಯ ಆರೋಗ್ಯದ ವಿದ್ಯೆಗೆ ಅವೆರಡಕ್ಕಿಂತ ಮುಖ್ಯವಾದ ಆಸ್ತಿ ಅಳತೆ ಪುಸ್ತಕಗಳು, ಒಣಗಿಸಿಟ್ಟ ಎಲೆ ಮತ್ತು ಹುಳುಗಳ ಮಾದರಿಗಳು, ಗುರುತು ಹಾಕಿ ಬಿಟ್ಟ ಕಾಡಿನ ತುಂಡುಗಳು. ಮೂರು ವರ್ಷದ ಯೋಜನೆ ಮುಗಿದಾಗ ಹಣ ನಿಲ್ಲುತ್ತದೆ, ಹಣ ನಿಂತಾಗ ಅಳತೆ ನಿಲ್ಲುತ್ತದೆ, ಮರ ಮಾತ್ರ ಬೆಳೆಯುತ್ತಲೋ ಸೊರಗುತ್ತಲೋ ಇರುತ್ತದೆ. ಪ್ರತಿ ಅರಣ್ಯ ಕಾಲೇಜಿಗೂ ಯಾವ ಯೋಜನೆಯ ಹಂಗೂ ಇಲ್ಲದ, ಪಠ್ಯಕ್ರಮದ ಭಾಗವೇ ಆದ ಒಂದು ಕಾಯಂ ಕಾಡಿನ ತುಂಡು ಇರಬೇಕು. ಅದನ್ನು ಅಳೆಯುವ ಹೊಣೆ ಪ್ರತಿ ತಂಡದ ವಿದ್ಯಾರ್ಥಿಗಳ ಮೇಲಿರಬೇಕು. ಲೆಕ್ಕ ಸರಳ. ಅರಣ್ಯ ಪದವಿಗೆ ನಾಲ್ಕು ವರ್ಷ. ಇಂದು ನೆಟ್ಟ ಗಂಧದ ಸಸಿಯಲ್ಲಿ ಒಳ್ಳೆಯ ಚೇಗು ಕೂಡಲು ಸುಮಾರು ಮೂವತ್ತು ವರ್ಷ. ಮೊದಲ ವಿದ್ಯಾರ್ಥಿ ಬಿಲ್ಲೆ ಕಟ್ಟಿದ ಗಿಡ ಮರವಾಗಿ ನಿಲ್ಲುವಷ್ಟರಲ್ಲಿ ಏಳೆಂಟು ತಂಡಗಳು ಅದೇ ಕಾಂಡಕ್ಕೆ ಟೇಪು ಸುತ್ತಿ, ಅದೇ ಪುಸ್ತಕದಲ್ಲಿ ಮುಂದಿನ ಸಾಲು ಬರೆದಿರಬೇಕು. ಅವರಲ್ಲಿ ಯಾರೊಬ್ಬರೂ ಮರದ ಪೂರ್ತಿ ಬದುಕನ್ನು ಕಂಡಿರುವುದಿಲ್ಲ, ಪುಸ್ತಕ ಕಂಡಿರುತ್ತದೆ. 1899ರ ಕುಶಾಲನಗರದ ಮರಗಳಿಗೆ ಅಂಥ ಪುಸ್ತಕ ಇರಲಿಲ್ಲ. ಇಂದಿನ ಸಸಿಗಳಿಗೆ ಅದನ್ನು ತೆರೆದಿಡುವುದು ನಮ್ಮ ಕೈಯಲ್ಲಿದೆ.